ಅಪ್‌ಡೇಟ್: ಬಂಡೂರು ಕುರಿಗಳ ಗೊರಸಿನ ಕೊಳೆ ವಾಸಿಯಾಯಿತು

ಹಿರಿಯಡಕದ ನಮ್ಮ ಮನೆಯ ಆರು ಬಂಡೂರು ಕುರಿಗಳಲ್ಲಿ ಮೂರು ಈ ಮಳೆಯಲ್ಲಿ ಕುಂಟತೊಡಗಿವೆ, ಗೊರಸಿನ ಸಂದಿಯಿಂದ ದುರ್ವಾಸನೆ ಬರುತ್ತಿದೆ ಎಂದು ಹದಿನೆಂಟು ದಿನಗಳ ಹಿಂದೆ ಕೇಳಿದ್ದೆ. ಈಗ ಮೂರೂ ಸರಿಯಾಗಿ ನಡೆಯುತ್ತಿವೆ. ಮೊಣಕಾಲೂರಿಯೇ ಮೇಯುತ್ತಿದ್ದ ಹಿರಿಯ ಕುರಿ ನಿನ್ನೆ ತೋಟದ ಕಣಿಯನ್ನು ತಾನಾಗಿ ಹಾರಿತು. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಅರಸಿನ ಮತ್ತು ಬೇವಿನೆಣ್ಣೆಯ ಲೇಪ ಒದ್ದೆ ಹಟ್ಟಿಯಲ್ಲಿ ನಿಲ್ಲಲೇ ಇಲ್ಲ. ಫಲ ಕೊಟ್ಟದ್ದು ಜಿಂಕ್ ಸಲ್ಫೇಟಿನ ಸಲಹೆ: ಪಶುವೈದ್ಯರು ಗೊರಸಿನ ಸಡಿಲ ಅಂಚುಗಳನ್ನು ಕತ್ತರಿಸಿ ಚುಚ್ಚುಮದ್ದು ಕೊಟ್ಟ ಬಳಿಕ, 10 ಲೀಟರ್ ನೀರಿಗೆ 1 ಕಿಲೋ ಕರಗಿಸಿ, ಅದರಲ್ಲಿ ಕುರಿಗಳನ್ನು ಹತ್ತು ನಿಮಿಷ ನಿಲ್ಲಿಸಿ, ಕಾಲು ಒಣಗುವವರೆಗೆ ಸಿಮೆಂಟಿನ ಜಗಲಿಯಲ್ಲೇ ಕಟ್ಟುತ್ತಿದ್ದೆವು.

ಅಡಿಕೆಗೆ ಕೊಳೆರೋಗ ಬಾರದಂತೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದಿದ್ದ ಮೈಲುತುತ್ತನ್ನೇ (ತಾಮ್ರದ ಸಲ್ಫೇಟ್) ಬಳಸಲು ಒಬ್ಬರು ಸೂಚಿಸಿದ್ದರು, ವೈದ್ಯರು ಬೇಡವೆಂದರು. ತಾಮ್ರವು ಕುರಿಯ ಯಕೃತ್ತಿನಲ್ಲಿ ಸಂಗ್ರಹವಾಗುವುದರಿಂದ, ದನಕ್ಕೆ ಹಿತವಾದ ಪ್ರಮಾಣವೂ ಕುರಿಗೆ ವಿಷವಾಗಬಹುದಂತೆ. ದನದ ಖನಿಜ ಮಿಶ್ರಣವನ್ನೇ ಕುರಿಗಳಿಗೂ ಹಾಕುತ್ತಿದ್ದ ನನಗೆ ಇದು ನಿಜಕ್ಕೂ ಆಘಾತವಾಗಿತ್ತು, ಅಂದೇ ನಿಲ್ಲಿಸಿದೆ.

ಬಂಡೂರು ಕುರಿ ಮಳವಳ್ಳಿ ಕಡೆಯ ಒಣನೆಲದ ತಳಿ. ನಮ್ಮ ಕರಾವಳಿಯ ಕೆಸರು ಅದಕ್ಕೆ ಹೊಸತು. ಆದ್ದರಿಂದ ಅಡಿಕೆ ಮರದ ಸೀಳುಗಳಿಂದ ನೆಲಕ್ಕಿಂತ ಮೂರು ಅಡಿ ಎತ್ತರದ ಅಟ್ಟ ಕಟ್ಟಿದ್ದೇವೆ. ಹಿಕ್ಕೆ ಕೆಳಗೆ ಬೀಳುತ್ತದೆ, ಮೇಲ್ಭಾಗ ಒಣಗಿರುತ್ತದೆ.