ಆಪರೇಷನ್ ಆಗಿದ್ದು ಹೊಟ್ಟೆಗೆ, ಜುಮ್ ಅನ್ನುತ್ತಿರುವುದು ಕಿರುಬೆರಳು!

ಡೊಂಬಿವಲಿ ಅಕ್ಕ:
ತಿಳಿದವರು ಯಾರಾದರೂ ಹೇಳಿ ಪ್ಲೀಸ್. ಹೋದ ವಾರ ಅಮ್ಮನಿಗೆ (62 ವರ್ಷ) ಇಲ್ಲೇ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ ಆಯಿತು. ಹೊಟ್ಟೆ ಆರಾಮಾಗಿದೆ. ಆದರೆ ಎರಡನೇ ದಿನದಿಂದ ಎಡಗೈ ಕಿರುಬೆರಳು, ಅದರ ಪಕ್ಕದ ಉಂಗುರ ಬೆರಳು ಜುಮ್ ಅನ್ನುತ್ತಿವೆ. ಬೆನ್ನೂ ಹಿಡಿದುಕೊಂಡಿದೆ. ಒಟಿಯಲ್ಲಿ (ಆಪರೇಷನ್ ಥಿಯೇಟರ್) ಸಿಸ್ಟರ್ ಮರಾಠಿಯಲ್ಲಿ "ಉತಾಣೆ ಝೋಪಾ ಆಜಿ" ಅಂದರಂತೆ, ಅಮ್ಮ ಊಟ ಆಯ್ತಾ ಅಂತ ಕೇಳುತ್ತಿದ್ದಾರೆ ಅಂದುಕೊಂಡು "ಇಲ್ಲಮ್ಮ, ರಾತ್ರಿಯಿಂದ ಉಪವಾಸ" ಅಂದಿದ್ದಾರೆ! ಆಮೇಲೆ ಅಂಗಾತ ಮಲಗಿಸಿ ಎರಡೂ ಕೈ ಪಕ್ಕಕ್ಕೆ ಚಾಚಿಸಿದ್ದಷ್ಟೇ ಅವರಿಗೆ ನೆನಪು. ಅಣ್ಣ ಸಲೈನ್ ಸೂಜಿಯಿಂದಲೇ ಹೀಗಾಗಿದ್ದು, ಹೋಗಿ ಕೇಳೋಣ ನಡಿ ಅನ್ನುತ್ತಿದ್ದಾನೆ. ಸುಮ್ನೆ ಅಂಗಾತ ಮಲಗಿದ್ದಕ್ಕೆ ಹೀಗಾಗುತ್ತಾ?

ಪುಣೆ ಒಟಿ:
ಆಗುತ್ತೆ ಅಕ್ಕ. ನಾನು ಇಲ್ಲಿ ಒಟಿ ಟೆಕ್ನಿಶಿಯನ್. ಮೊಣಕೈ ಗೋಡೆಗೆ ತಾಗಿದಾಗ ಕರೆಂಟ್ ಹೊಡೆದ ಹಾಗೆ ಆಗುತ್ತಲ್ಲ, ಅಲ್ಲಿ ಚರ್ಮದ ಕೆಳಗೇ ಒಂದು ನರ ಇದೆ, ಅಲ್ನರ್ ನರ. ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಸ್ಪರ್ಶ ಕೊಡುವುದು ಅದೇ. ನಾವು ನಿದ್ದೆಯಲ್ಲಿ ಕೈ ಜೋಮು ಹಿಡಿದರೆ ಮಗ್ಗುಲು ಬದಲಿಸುತ್ತೇವೆ, ಅನಸ್ತೇಶಿಯಾದಲ್ಲಿ ಇರುವವರು ಎರಡು ಗಂಟೆಯಾದರೂ ಅಲ್ಲಾಡುವುದಿಲ್ಲ. ಅದಕ್ಕೇ ಕೈ ಚಾಚಿಸಿದಾಗ ಅಂಗೈ ಮೇಲೆ ಮಾಡಿ ಇಡುತ್ತೇವೆ, ಮೊಣಕೈ ಕೆಳಗೆ ಪ್ಯಾಡ್ ಹಾಕುತ್ತೇವೆ, ತೋಳನ್ನು 90 ಡಿಗ್ರಿಗಿಂತ ಜಾಸ್ತಿ ಚಾಚಿಸುವುದಿಲ್ಲ, ಇಲ್ಲದಿದ್ದರೆ ಭುಜದ ನರಗಳು ಜಗ್ಗುತ್ತವೆ. ಹಿಂದಲೆ, ಬೆನ್ನಿನ ಕೆಳಗಿನ ಮೂಳೆ, ಹಿಮ್ಮಡಿ, ಇಲ್ಲೆಲ್ಲ ಮೈಭಾರ ಬೀಳುತ್ತೆ, ಅಲ್ಲೂ ಮೆತ್ತಗಿರಬೇಕು. ಬೆನ್ನು ನೋವಿಗೂ ಕಾರಣ ಇದೇ ಇರಬಹುದು: ಸ್ನಾಯು ಸಡಿಲವಾದಾಗ ಸೊಂಟದ ಬಾಗು ಚಪ್ಪಟೆಯಾಗುತ್ತೆ. ಮಂಡಿ ಕೆಳಗೆ ಒಂದು ದಿಂಬು ಇಟ್ಟು ಮಲಗಿಸಿ ನೋಡಿ. (ಉತಾಣೆ ಅಂದರೆ ಅಂಗಾತ, ಉತ್ತಾನಪಾದಾಸನದ ಉತ್ತಾನ! ಅಮ್ಮನಿಗೆ ಹೇಳಿ.)

ವಾಸ್ಕೊ ಸೊಸೆ:
ಅಂಗಾತ ಅಂದರೆ ನನ್ನ ಸಿಸೇರಿಯನ್ ನೆನಪಾಯಿತು. ಬಲ ಸೊಂಟದ ಕೆಳಗೆ ಏನೋ ತುರುಕಿ ನನ್ನನ್ನು ಎಡಕ್ಕೆ ವಾಲಿಸಿದ್ದರು. ನೇರ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ಬಿಪಿ ಇಳಿಯುತ್ತೆ ಅಂತ ಆಮೇಲೆ ಗೊತ್ತಾಯಿತು. ಆಗ ಮಾತ್ರ ಟೇಬಲ್ ಮುರಿದಿದೆ ಅಂದುಕೊಂಡಿದ್ದೆ.

ಮಾಟುಂಗಾ ಮಾಮ:
ಅಣ್ಣನನ್ನು ಸ್ವಲ್ಪ ತಡೆಯಮ್ಮ. ನಾನು ನಿವೃತ್ತ ಅನಸ್ತೇಶಿಯಾ ಡಾಕ್ಟರ್. ಪ್ಯಾಡ್ ಎಲ್ಲ ಸರಿಯಾಗಿ ಹಾಕಿದ್ದರೂ ಈ ನರಕ್ಕೆ ತೊಂದರೆ ಆಗುವುದುಂಟು. ಅಮ್ಮನಿಗೆ ಎರಡನೇ ದಿನ ಶುರುವಾಗಿದೆ ಅಂದೆ ಅಲ್ವಾ? ಹಾಗಾದರೆ ಒಟಿಯಲ್ಲೇ ಆಯಿತು ಅನ್ನಲು ಆಗುವುದಿಲ್ಲ. ಹಾಸಿಗೆಯಲ್ಲಿ ಮೊಣಕೈ ಊರಿಕೊಂಡು ಏಳುವುದು, ಕೈ ಮಡಚಿ ಎದೆ ಮೇಲೆ ಇಟ್ಟುಕೊಳ್ಳುವುದು, ಇದರಿಂದಲೂ ಆಗುತ್ತೆ. ಬರೀ ಜುಮ್ ಅನ್ನುವುದಾದರೆ ಹೆಚ್ಚಿನವರಿಗೆ ದಿನಗಳಲ್ಲಿ, ವಾರಗಳಲ್ಲಿ ಕಡಿಮೆಯಾಗುತ್ತೆ. ಆದರೂ ಆಪರೇಷನ್ ಮಾಡಿದ ಡಾಕ್ಟರಿಗೆ ಈಗಲೇ ತಿಳಿಸು. ಬೆರಳು ಅಗಲಿಸಲು ಆಗದಿದ್ದರೆ, ಹಿಡಿತ ಸಡಿಲವಾಗಿದ್ದರೆ ತಡಮಾಡದೆ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗು.

ಡೊಂಬಿವಲಿ ಅಕ್ಕ:
ಮಾಮ, ಈಗ ಒಳಗೆ ಹೋಗಿ ನೋಡಿದೆ. ಎಡ ಮೊಣಕೈ ಊರಿಕೊಂಡೇ ಟಿವಿ ನೋಡುತ್ತಿದ್ದಾರೆ! ಬೆರಳು ಅಗಲಿಸುತ್ತಾರೆ, ಲೋಟವೂ ಗಟ್ಟಿಯಾಗಿ ಹಿಡಿಯುತ್ತಾರೆ. ನಾಳೆ ಹೊಲಿಗೆ ತೋರಿಸಲು ಹೋಗುವುದಿದೆ, ಆಗ ಕೈಯನ್ನೂ ತೋರಿಸುತ್ತೇನೆ. ಅಣ್ಣನನ್ನು ಮಾತ್ರ ಕರೆದುಕೊಂಡು ಹೋಗುವುದಿಲ್ಲ.