ನಿಂತೂ ನಿಲ್ಲದ ಪಾಜ್

ಇಂಗ್ಲಿಷಿನ ‘ಪಾಜ್’ ಎಂಬ ಪದಕ್ಕೆ ‘ನಿಲ್ಲಿಸುವುದು’ ಎಂದು ಅರ್ಥ ಹೇಳಿ ನಮ್ಮ ಎಂಜಿನಿಯರ್ ಗೆಳೆಯರು ಪಾರಾಗಬಹುದಿತ್ತು. ಆದರೆ ಎದುರಿಗೆ ಮೇಷ್ಟ್ರು ಕುಳಿತಿದ್ದರು.

“ನಿಲ್ಲಿಸುವುದಕ್ಕೆ ‘ಸ್ಟಾಪ್’ ಎಂಬ ಪದ ಬೇರೆಯೇ ಇದೆಯಲ್ಲ. ಮತ್ತೆ ಮುಂದುವರಿಸುತ್ತೇನೆಂದು ಭಾಷೆ ಕೊಟ್ಟು ತುಸು ಹೊತ್ತು ತಡೆದರೆ ಅದು ಪಾಜ್. ಭಾಷಣಕಾರರು ನೀರು ಕುಡಿಯಲು ಲೋಟ ಎತ್ತಿದಾಗ ನಾವು ಮುಗಿಯಿತೆಂದು ಚಪ್ಪಾಳೆ ತಟ್ಟಿದರೆ ಅವರಿಗೆ ಅವಮಾನವಾಗುವುದು ಈ ವ್ಯತ್ಯಾಸದಿಂದಲೇ” ಎಂದರು ಮೇಷ್ಟ್ರು.

ಎಂಜಿನಿಯರರು ಸೋಲೊಪ್ಪುವ ಜಾತಿಯವರಲ್ಲ. ಕ್ಯಾಸೆಟ್ಟಿನಿಂದ ಸಿನಿಮಾ ತೋರಿಸುತ್ತಿದ್ದ ಹಳೆಯ ವಿಸಿಆರ್‌ನಲ್ಲಿ ಪಾಜ್ ಒತ್ತಿದರೆ ಟೇಪಿನ ಓಟವಷ್ಟೇ ನಿಲ್ಲುತ್ತಿತ್ತೆಂದೂ, ಚಿತ್ರವನ್ನು ಓದುವ ಡ್ರಮ್ಮು ಗಿರಗಿರನೆ ತಿರುಗುತ್ತ ಟೇಪಿನ ಒಂದೇ ಜಾಗವನ್ನು ಉಜ್ಜುತ್ತಲೇ ಇರುತ್ತಿತ್ತೆಂದೂ, ಟೇಪು ಸವೆದುಹೋದೀತೆಂಬ ಕಾರಣಕ್ಕೆ ಎಷ್ಟೋ ಯಂತ್ರಗಳು ಕೆಲವು ನಿಮಿಷಗಳ ನಂತರ ತಾವಾಗಿಯೇ ಸ್ಟಾಪ್‌ಗೆ ಹೋಗುತ್ತಿದ್ದವೆಂದೂ ಅವರು ವಿವರಿಸಿದರು. ಅಂದರೆ ಸ್ಟಾಪ್ ವಿಶ್ರಾಂತಿ, ಪಾಜ್ ದುಡಿಮೆ. ಹಳೆಯ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ಡಾಸ್‌ನಲ್ಲಿಯೂ ‘ಪಾಜ್’ ಎಂಬ ಆಜ್ಞೆಯಿತ್ತು. ಅದನ್ನು ಕಂಡೊಡನೆ ಕಂಪ್ಯೂಟರ್ ಕೆಲಸ ತಡೆದು, ಮುಂದುವರಿಯಲು ಯಾವುದಾದರೂ ಕೀ (‘ಎನಿ ಕೀ’) ಒತ್ತಿರೆಂದು ಇಂಗ್ಲಿಷಿನಲ್ಲಿ ವಿನಂತಿಸುತ್ತಿತ್ತು. ಕೀಬೋರ್ಡಿನಲ್ಲಿ ‘ಎನಿ’ ಎಂಬ ಕೀ ಎಲ್ಲಿದೆಯೆಂದು ಹುಡುಕಿದವರ ಪಾಲಿಗೆ ಆ ಪಾಜ್ ಬಹಳ ದೀರ್ಘವಾಗಿತ್ತು.

ಅಷ್ಟು ಹೊತ್ತು ಸುಮ್ಮನಿದ್ದ ಡಾಕ್ಟರ್ ಗೆಳತಿ ಕೇಳಿದರು: “ಹಾಗಾದರೆ ಮೇಷ್ಟ್ರೇ, ಮೆನೋಪಾಜ್‌ನಲ್ಲಿ ಕೊಟ್ಟ ಭಾಷೆ ಈಡೇರುವುದು ಯಾವಾಗ? ಬೇರೆ ಕಾರಣವಿಲ್ಲದೆ ಸತತ 12 ತಿಂಗಳು ಮುಟ್ಟು ನಿಂತ ಮೇಲೆ ನಾವು ಆ ಹೆಸರು ಹೇಳುತ್ತೇವೆ. ಅದು ಮುಂದುವರಿಯಬೇಕೆಂದು ಯಾರೂ ಅರ್ಜಿ ಹಾಕಿದ್ದನ್ನು ನಾನು ಕಂಡಿಲ್ಲ.”

ಮೇಷ್ಟ್ರು ಇಕ್ಕಟ್ಟಿಗೆ ಸಿಕ್ಕಾಗಲೆಲ್ಲ ಗ್ರೀಸಿಗೆ ಓಡುತ್ತಾರೆ. ಗ್ರೀಕಿನ ‘ಪೌಸಿಸ್’ ಎಂಬ ಮೂಲಪದಕ್ಕೆ ನಿಲುಗಡೆ ಎಂದಷ್ಟೇ ಅರ್ಥ, ಅದು ಲ್ಯಾಟಿನ್, ಫ್ರೆಂಚ್‌ಗಳ ಮೂಲಕ ಇಂಗ್ಲಿಷಿಗೆ ಬಂತು. 1821ರಲ್ಲಿ ಫ್ರೆಂಚ್ ವೈದ್ಯ ಗಾರ್ಡಾನ್ ‘ಮೆನೋಪಾಜ್’ ಎಂಬ ಹೆಸರನ್ನು ಕಟ್ಟಿದ್ದು ಆ ಹಳೆಯ ಅರ್ಥದಲ್ಲಿ, ಎಂದು ವಾದಿಸಿದರು. ಪ್ರತಿಕೂಲ ಋತುವಿನಲ್ಲಿ ಬೆಳವಣಿಗೆಯನ್ನು ತಡೆದು, ಕಾಲ ಕೂಡಿಬಂದಾಗ ಮತ್ತೆ ಬೆಳೆಯುವ ಕೀಟಗಳ ‘ಡಯಾಪಾಜ್’ ಆದರೂ ತಮ್ಮ ಪಕ್ಷದಲ್ಲಿದೆಯೆಂದು ಸೇರಿಸಿದರು. ಮನುಷ್ಯರ ಸಾಕ್ಷ್ಯ ಕೈಕೊಟ್ಟಾಗ ಕೀಟಗಳನ್ನು ಕರೆಸುವುದು ನನಗೇನೋ ನ್ಯಾಯವೆನಿಸಲಿಲ್ಲ.

“ಪ್ರೆಗ್ನೆಂಟ್ ಪಾಜ್ ಎಂಬ ಮಾತೂ ಇದೆ” ಎಂದು ನಾನು ನೆನಪಿಸಿದೆ. ಏನೋ ಮಹತ್ತಾದದ್ದು ಹೊರಬೀಳಲಿದೆ ಎಂದು ಕೇಳುಗರು ಉಸಿರು ಬಿಗಿಹಿಡಿಯುವಂಥ ಮೌನವದು. ಒಂದೇ ಪದವು ಬಸಿರಿನ ಪಕ್ಕದಲ್ಲಿಯೂ ಮುಟ್ಟು ನಿಂತ ವಯಸ್ಸಿನಲ್ಲಿಯೂ ದುಡಿಯುವುದು ವೈದ್ಯಶಾಸ್ತ್ರಕ್ಕೂ ಅಚ್ಚರಿಯೇ ಎಂದು ಡಾಕ್ಟರ್ ನಕ್ಕರು.

ನಿಜವಾದ ಪೆಟ್ಟು ಕೊಟ್ಟವರು ಪಿಟೀಲು ನುಡಿಸುವ ಗೆಳೆಯರು. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಕಮಾನಿನೊಳಗೆ ಚುಕ್ಕೆಯಿಟ್ಟಂತೆ ಕಾಣುವ ಫರ್ಮಾಟ ಎಂಬ ಚಿಹ್ನೆಯನ್ನು ಬ್ರಿಟಿಷರು ‘ಪಾಜ್’ ಎಂದೇ ಕರೆಯುತ್ತಾರಂತೆ. ಅದು ಸ್ವರದ ಮೇಲಿದ್ದರೆ ಸ್ವರವನ್ನು ಅದರ ಅಳತೆ ಮೀರಿ ಎಳೆಯಬೇಕಂತೆ. ಹೀಗೆ ನಿಲ್ಲಿಸುವ ಪದವು ನಿಲ್ಲಿಸಬೇಡವೆಂದು ಆಜ್ಞಾಪಿಸುವುದನ್ನು ಕೇಳಿ ಮೇಷ್ಟ್ರು ಕನ್ನಡವೇ ವಾಸಿ ಎಂದರು. ಅಲ್ಪವಿರಾಮವೂ ವಿರಾಮವೇ, ಪೂರ್ಣವಿರಾಮವೂ ವಿರಾಮವೇ ಎಂದು ಎಂಜಿನಿಯರರು ಚುಚ್ಚಿದಾಗ ಆ ದಾರಿಯೂ ಮುಚ್ಚಿತು.

ಕೊನೆಗೆ ಮಾತು ಮಾತಿನ ಪಾಜ್‌ಗೇ ಬಂತು. ‘ಅದೂ’, ‘ಏನಪ್ಪಾ ಅಂದರೆ’ ಎಂದು ನಾವು ತುಂಬಿಕೊಳ್ಳುವ ಜಾಗಗಳನ್ನು ಭಾಷಾವಿಜ್ಞಾನಿಗಳು ತುಂಬಿದ ಪಾಜ್ ಎನ್ನುತ್ತಾರೆ. 10 ಭಾಷೆಗಳ ಸಂಭಾಷಣೆಗಳನ್ನು ಅಳೆದ 2009ರ ಅಧ್ಯಯನವೊಂದರ ಪ್ರಕಾರ ಪ್ರಶ್ನೆ ಮುಗಿದು ಉತ್ತರ ಆರಂಭವಾಗುವುದರ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡುಗಳ ಆಸುಪಾಸಿನಲ್ಲಿದೆ. ನಮ್ಮ ಗುಂಪನ್ನು ಅಳೆದಿದ್ದರೆ ಆ ಅಂಕಿಯ ಹಿಂದೆ ಋಣಚಿಹ್ನೆ ಹಾಕಬೇಕಾಗುತ್ತಿತ್ತು ಎಂದು ನಾನು ಹೇಳಿ ಮುಗಿಸುವ ಮೊದಲೇ ಮೂವರು ಏಕಕಾಲಕ್ಕೆ ಆಕ್ಷೇಪಿಸಿದರು.