ಗುಂಪು ಮಾಡಿದರೆ ಒಬ್ಬಳೇ ಬರೆಯುತ್ತಾಳೆ, ಉಳಿದವರು ಮಳೆ ನೋಡುತ್ತಾರೆ

ನಗರದ ಟೀಚರ್ (ಹೊಸನಗರ ತಾಲ್ಲೂಕು):
ನನ್ನದು ಏಳನೇ ತರಗತಿ, 21 ಮಕ್ಕಳು. ಚಿಕ್ಕ ತರಗತಿಯಲ್ಲಿ ನಲಿಕಲಿ ಪದ್ಧತಿಯಲ್ಲಿ ಸುತ್ತ ಕೂತು ಕಲಿತವರೇ. ಆದರೆ ಈಗ ಬೆಂಚಿಗೆ ಒಗ್ಗಿಬಿಟ್ಟಿದ್ದಾರೆ. ಮೊನ್ನೆ ಗುಂಪು ಮಾಡಿ, ಶರಾವತಿ ಬಗ್ಗೆ ಚಾರ್ಟ್ ಬರೆಯಿರಿ ಅಂದೆ. ಒಂದು ಗುಂಪಿನಲ್ಲಿ ಪೆನ್ನು ಸೀದಾ ಒಬ್ಬ ಹುಡುಗಿಯ ಕೈಗೆ ಹೋಯಿತು. ಕೇಳಿದರೆ, "ಅವಳ ಅಕ್ಷರ ಚೆಂದ ಟೀಚರ್!" ಉಳಿದವರಲ್ಲಿ ಒಬ್ಬ ಕಾಲಿಗೆ ಹತ್ತಿದ್ದ ಉಂಬಳ (ಜಿಗಣೆ) ಬಿಡಿಸಿ ಸ್ಕೇಲಿನ ಮೇಲೆ ನಡೆಸುತ್ತಿದ್ದ. ಮಿಕ್ಕವರಿಗೆ ಅದೇ ಪಾಠ.

ಹಾಗಂತ ಬಿಡೋ ಹಾಗೂ ಇಲ್ಲ. ಆಷಾಢದಲ್ಲಿ ಶೀಟಿನ ಮೇಲೆ ಮಳೆ ಹೊಯ್ಯೋಕೆ ಶುರುವಾದರೆ ನನ್ನ ದನಿ ಎರಡನೇ ಬೆಂಚಿಗೂ ಮುಟ್ಟಲ್ಲ. ಮಕ್ಕಳು ತಲೆ ಕೂಡಿಸಿ ಮಾತಾಡಿದರಷ್ಟೇ ಪಾಠ. ಗುಂಪಿನಲ್ಲಿ ಎಲ್ಲರೂ ಕೆಲಸ ಮಾಡೋ ಹಾಗೆ ಏನು ಮಾಡ್ತೀರಿ?

ಸಾಗರದ ನಿವೃತ್ತ ಮೇಷ್ಟ್ರು:
ಟೀಚರೇ, ಮಕ್ಕಳನ್ನು ಬೈಯಬೇಡಿ, ತೊಡಕಿರೋದು ಚಾರ್ಟಿನಲ್ಲಿ. ಮದುವೆಮನೆಯಲ್ಲಿ ಒಂದೇ ಮೆಟ್ಟುಗತ್ತಿ ಇಟ್ಟು ಐದು ಜನರನ್ನು ತರಕಾರಿ ಹೆಚ್ಚೋಕೆ ಕೂರಿಸಿದರೆ ಒಬ್ಬರು ಹೆಚ್ಚುತ್ತಾರೆ, ನಾಲ್ಕು ಜನ ಹರಟುತ್ತಾರೆ. ಕೆಲಸವನ್ನೇ ಹರಿದು ಹಂಚಬೇಕು.

ಇದಕ್ಕೆ ಜಿಗ್ಸಾ ಅಂತಾರೆ. ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲಿ ಅಮೆರಿಕದ ಆಸ್ಟಿನ್ ಊರಿನಲ್ಲಿ ಶುರು ಮಾಡಿದ್ದು. ಕಪ್ಪು, ಬಿಳಿ ಮಕ್ಕಳನ್ನು ಆಗಷ್ಟೇ ಒಂದೇ ಶಾಲೆಗೆ ಸೇರಿಸಿದ್ದರು, ದಿನಾ ಜಗಳ. ಒಬ್ಬರ ಹತ್ತಿರ ಇರೋ ತುಂಡು ಇನ್ನೊಬ್ಬರಿಗೆ ಬೇಕೇ ಬೇಕು ಅನ್ನೋ ಹಾಗೆ ಪಾಠ ಹಂಚಿದರು.

ನಿಮ್ಮ ಶರಾವತಿಯನ್ನೇ ನಾಲ್ಕು ಚೀಟಿ ಮಾಡಿ. ಅಂಬುತೀರ್ಥದಲ್ಲಿ ಹುಟ್ಟೋದು ಒಂದು. 1964ರ ಲಿಂಗನಮಕ್ಕಿ ಅಣೆಕಟ್ಟು, ಮುಳುಗಡೆ ಒಂದು. 253 ಮೀಟರಿನ ಜೋಗ ಒಂದು. ಹೊನ್ನಾವರದಲ್ಲಿ ಕಡಲು ಸೇರೋದು ಇನ್ನೊಂದು. ಗುಂಪಿಗೆ ನಾಲ್ಕು ಜನ, ತಲೆಗೊಂದು ಚೀಟಿ. ಮಿಕ್ಕ ಒಬ್ಬನನ್ನು ಯಾರಿಗಾದರೂ ಜೋಡಿ ಮಾಡಿ. ಮೊದಲು ಒಂದೇ ಚೀಟಿಯವರೆಲ್ಲ ಒಟ್ಟಿಗೆ ಕೂತು ಓದಲಿ. ಆಮೇಲೆ ತಮ್ಮ ಗುಂಪಿಗೆ ಹೋಗಿ ಹೇಳಿಕೊಡಲಿ. ಕೊನೆಗೆ ಜೋಗ ಓದಿದವನಿಗೆ ಅಣೆಕಟ್ಟಿನ ಪ್ರಶ್ನೆ ಕೇಳಿ.

ನನ್ನ ಕ್ಲಾಸಿನಲ್ಲಿ ವರ್ಷವಿಡೀ ಬಾಯಿ ಬಿಡದ ಒಬ್ಬನಿಗೆ ಅಣೆಕಟ್ಟಿನ ಚೀಟಿ ಬಂತು. ಅವನ ಅಜ್ಜಿ ಮುಳುಗಡೆ ಊರಿನವರಂತೆ. ಚೀಟಿ ಜೇಬಿಗೆ ಹಾಕಿ, ದನಕರು ಹೊಡೆದುಕೊಂಡು ಅಜ್ಜಿ ಮನೆಯವರು ಊರು ಬಿಟ್ಟಿದ್ದನ್ನು ಹೇಳೋಕೆ ಶುರು ಮಾಡಿದ. ಬೆಲ್ಲು ಹೊಡೆದರೂ ಯಾರೂ ಏಳಲಿಲ್ಲ.

ಕೋಣಂದೂರು ಗಣಿತ:
ಮೇಷ್ಟ್ರೇ, ಸಮಾಜ ವಿಜ್ಞಾನಕ್ಕೆ ಸರಿ. ಗಣಿತಕ್ಕೆ ಜಿಗ್ಸಾ ಕೂರಲ್ಲ. ಮೊದಲನೇ ಹೆಜ್ಜೆ ಗೊತ್ತಿಲ್ಲದವನು ಮೂರನೇದನ್ನು ಹೇಗೆ ಹೇಳಿಕೊಡ್ತಾನೆ?

ನಾನು ಗುಂಪಿನಲ್ಲಿ ಎಲ್ಲರಿಗೂ ನಂಬರ್ ಕೊಡ್ತೀನಿ. ಮೊದಲು ಅವರವರ ನೋಟ್ಸಿನಲ್ಲೇ ಸುಮ್ನೆ ಮಾಡಬೇಕು. ಇದು ಮುಖ್ಯ, ಇಲ್ಲದಿದ್ದರೆ ಜೋರು ಬಾಯಿಯವನ ಉತ್ತರವೇ ಎಲ್ಲರ ಉತ್ತರ. ಆಮೇಲೆ ಚರ್ಚೆ. ಕೊನೆಗೆ "ಮೂರು" ಅಂದರೆ ಪ್ರತಿ ಗುಂಪಿನ ಮೂರನೇ ನಂಬರು ಏಳಬೇಕು. ಯಾರ ನಂಬರ್ ಬರುತ್ತೋ ಗೊತ್ತಿಲ್ಲ, ಹಾಗಾಗಿ ಜಾಣರೇ ಉಳಿದವರಿಗೆ ಹೇಳಿಕೊಡ್ತಾರೆ.

ಅನುಪಾತದ ಪಾಠಕ್ಕೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಔಷಧಿ ಲೆಕ್ಕ ಕೊಟ್ಟಿದ್ದೆ. ಬೋರ್ಡೋ ಅಂದರೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಅಲ್ವಾ? ಡ್ರಮ್ಮಿನಲ್ಲಿ 150 ಲೀಟರ್ ಮಾಡೋಕೆ ತುತ್ತ ಎಷ್ಟು ಬೇಕು? ಲೆಕ್ಕದಲ್ಲಿ ಹಿಂದಿರೋ ಹುಡುಗನೇ ಒಂದೂವರೆ ಕೆ.ಜಿ. ಅಂತ ಮೊದಲು ಹೇಳಿದ. ಅಷ್ಟಕ್ಕೇ ಬಿಡಲಿಲ್ಲ. ತುತ್ತ, ಸುಣ್ಣ ಬೇರೆ ಬೇರೆ ಕರಗಿಸಬೇಕು, ಉಜ್ಜಿದ ಕತ್ತಿ ಅದ್ದಿ ನೋಡಬೇಕು, ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕಬೇಕು ಅಂತ ಗುಂಪಿಗೆಲ್ಲ ಪಾಠ ಮಾಡಿದ. ಅವರ ಮನೆ ತೋಟದಲ್ಲಿ ನೋಡಿದ್ದಂತೆ.

ಆದರೆ ದಿನಾ ಗುಂಪು ಬೇಡ. ಒಬ್ಬರೇ ಕೂತು ಯೋಚಿಸೋದನ್ನು ಇಷ್ಟಪಡೋ ಮಕ್ಕಳೂ ಇರ್ತಾರೆ.

ನಗರದ ಟೀಚರ್:
ಇಬ್ಬರಿಗೂ ಥ್ಯಾಂಕ್ಸ್. ಸೋಮವಾರ ಚೀಟಿ ಮಾಡ್ತೀನಿ. ಆದರೆ ಮೂವರಿಗೆ ಚೀಟಿ ಓದೋಕೇ ಬರಲ್ಲ. ಅವರಿಗೆ ಯಾವುದು ಕೊಡಲಿ?

ಸಾಗರದ ನಿವೃತ್ತ ಮೇಷ್ಟ್ರು:
ಮೂವರಿಗೂ ಜೋಗ ಕೊಡಿ, ಬೇರೆ ಬೇರೆ ಗುಂಪಿನಲ್ಲಿ. ಚೀಟಿ ಮೇಲೆ ಚಿತ್ರ ಅಂಟಿಸಿ. ರಾಜ, ರಾಣಿ, ರೋರರ್, ರಾಕೆಟ್ ಯಾವ ಮಗುವೂ ಮರೆಯಲ್ಲ. ಜೋಗದ ಚೀಟಿಯವರು ಒಟ್ಟಿಗೆ ಕೂತಾಗ ಚೆನ್ನಾಗಿ ಓದುವವರು ಎರಡು ಸಲ ಜೋರಾಗಿ ಓದಲಿ. ಆಮೇಲೆ ಆ ಮೂವರು ನಿಮಗೆ ಒಮ್ಮೆ ಹೇಳಿ ತೋರಿಸಲಿ, ಅದಾದ ಮೇಲೆ ಗುಂಪಿಗೆ ಕಳಿಸಿ.